ಸಂತೆ ಬೀದೀಲಿ ಇರೋದು ಅನಕೊಂಡ ಅಲ್ಲ, ಕಾಯಿಲೆ ಬಿದ್ದ ಬಾಲ್ ಪೈಥಾನ್. ಡಾಕ್ಟ್ರ ಹತ್ರ ಹೋಗೋಕೂ ಮಾಲೀಕನಿಗೆ ಭಯ

ಹೋದ ವಾರ ನಮ್ಮೂರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಆಡಿಯೋ ಸುತ್ತಾಡಿದ್ದು ಎಲ್ಲರಿಗೂ ಗೊತ್ತು. "ಸಂತೆ ಬೀದಿ ಹಿಂದ್ಗಡೆ ಮನೇಲಿ ಅನಕೊಂಡ ಸಾಕವ್ರೆ, ರಾತ್ರಿ ತಪ್ಪಿಸ್ಕೊಂಡೈತೆ, ಮಕ್ಳನ್ನ ಹೊರಗೆ ಬಿಡಬೇಡಿ" ಅಂತ ಯಾರೋ ಒಬ್ರು ಉಸಿರು ಬಿಗಿಹಿಡಿದು ಹೇಳಿದ್ದು. ಅದರ ಹಿಂದೇನೇ ಯಾವುದೋ ದೇಶದ ನದಿಯಲ್ಲಿ ತೆಗೆದ ವಿಡಿಯೋ ಒಂದನ್ನ ಅಂಟಿಸಿ ಕಳಿಸಿದ್ರು. ಎರಡು ದಿನ ಆ ಬೀದಿಯ ಅಂಗಡಿಗಳು ಎಂಟು ಗಂಟೆಗೇ ಶಟರ್ ಎಳೆದವು. ಹೂವಿನ ಅಂಗಡಿ ಅಕ್ಕ ಚರಂಡಿ ಮೇಲಿನ ಕಲ್ಲು ಮುಚ್ಚಿಸಿ ಅಂತ ಪುರಸಭೆಗೆ ಹೋಗಿ ಬಂದ್ರು. ಹಾವಿನಿಂದ ಆದ ಲಾಭ ಅಂದ್ರೆ ಅದೊಂದೇ, ಕಲ್ಲು ಮುಚ್ಚಿದ್ರು.

ಹಾವು ಎಲ್ಲೂ ತಪ್ಪಿಸಿಕೊಂಡಿಲ್ಲ. ನಾನು ಹೋಗಿ ನೋಡಿ ಬಂದೆ. ಅದಕ್ಕೆ ತಪ್ಪಿಸಿಕೊಳ್ಳೋ ಶಕ್ತಿಯೂ ಇರಲಿಲ್ಲ.

ಮಾಲೀಕರ ಹೆಸರು, ಅಂಗಡಿ, ಮನೆ ಯಾವುದನ್ನೂ ಬರೆಯಲ್ಲ. ಮೊಬೈಲ್ ರಿಪೇರಿ ಮಾಡ್ತಾರೆ, ನನಗಿಂತ ಏಳೆಂಟು ವರ್ಷ ದೊಡ್ಡೋರು, ಅಣ್ಣ ಅಂತ ಕರೀತೀನಿ. ಆಡಿಯೋ ಬರೋದಕ್ಕೆ ಮೂರು ದಿನ ಮೊದಲೇ ರಾತ್ರಿ ಫೋನ್ ಮಾಡಿದ್ರು. "ಗುರು, ನೀನು ನಾಕು ಕಡೆ ಓಡಾಡ್ತೀಯ, ಹಾವಿಗೆ ಔಷಧ ಕೊಡೋ ಡಾಕ್ಟ್ರು ಯಾರಾದ್ರೂ ಗೊತ್ತಾ? ಯಾರ್ಗೂ ಹೇಳ್ಬೇಡ." ಹಾವು ಕಚ್ಚಿದ್ರೆ ಕೊಡೋ ಔಷಧ ಕೇಳ್ತಿದಾರೆ ಅಂದ್ಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಣ್ಣ ಅಂದೆ. "ಕಚ್ಚಿಲ್ಲ ಮಾರಾಯ, ಹಾವಿಗೇ ಹುಷಾರಿಲ್ಲ" ಅಂದ್ರು.

ಬಾಲ್ ಪೈಥಾನ್ ಅಂದ್ರೆ ಹೆಬ್ಬಾವಿನ ಕುಟುಂಬದ್ದೇ ಒಂದು ಸಣ್ಣ ಜಾತಿ. ಊರು ಪಶ್ಚಿಮ ಆಫ್ರಿಕಾ. ಘಾನಾ, ಟೋಗೋ, ಬೆನಿನ್ ಕಡೆ. ಬೆಳೆದರೂ ಮೂರರಿಂದ ಐದು ಅಡಿ. ವಿಷ ಇಲ್ಲ. ಹೆದರಿದ್ರೆ ಕಚ್ಚೋದಕ್ಕಿಂತ ತಲೆ ಒಳಗೆ ಇಟ್ಕೊಂಡು ಚೆಂಡಿನ ಥರ ಸುತ್ತಿಕೊಳ್ಳುತ್ತೆ, ಅದಕ್ಕೇ ಆ ಹೆಸರು. ಸಣ್ಣದು, ನಿಧಾನ, ಬಣ್ಣ ಬಣ್ಣದ ತಳಿಗಳಿವೆ. ಹೀಗಾಗಿ ಪ್ರಪಂಚದಲ್ಲಿ ಮನೇಲಿ ಸಾಕೋ ಹಾವುಗಳಲ್ಲಿ ಇದೇ ಮುಂದೆ. ಆಯಸ್ಸೂ ಕಮ್ಮಿ ಅಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಇಪ್ಪತ್ತು, ಮೂವತ್ತು ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟು ಸುದ್ದಿ ಆಗಿತ್ತು, ಅದೂ ವರ್ಷಗಟ್ಟಲೆ ಗಂಡಿನ ಜೊತೆ ಇಲ್ಲದೆ.

ಅಣ್ಣ ಇದನ್ನ ತಂದಿದ್ದು ದಸರಾ ಹೊತ್ತಿಗೆ. ಇನ್‌ಸ್ಟಾಗ್ರಾಂನಲ್ಲಿ ನೋಡಿ, ಬೆಂಗಳೂರಿನ ಒಬ್ಬನ ಹತ್ರ ಹದಿನೆಂಟು ಸಾವಿರ ಕೊಟ್ಟು. ಕಾಗದ ಗೀಗದ ಏನೂ ಇಲ್ಲ. "ಇದು ಫಾರಿನ್ ಹಾವು, ಫಾರೆಸ್ಟ್‌ನೋರಿಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಹೇಳಿ ಬಟ್ಟೆ ಚೀಲದಲ್ಲಿ ಹಾಕಿ ಕೊಟ್ಟನಂತೆ. ಆ ಮಾತು ಸುಳ್ಳು. ಅದಕ್ಕೆ ಆಮೇಲೆ ಬರ್ತೀನಿ.

ನಾನು ಹೋದಾಗ ಹಾವು ಹಳೇ ಮೀನಿನ ಗಾಜಿನ ಪೆಟ್ಟಿಗೇಲಿ ಇತ್ತು. ಕೆಳಗೆ ತೆಂಗಿನ ನಾರಿನ ಪುಡಿ, ಮೇಲೆ ನೂರು ವ್ಯಾಟಿನ ಬಲ್ಬು. ಹನ್ನೊಂದು ವಾರದಿಂದ ಒಂದೂ ಇಲಿ ತಿಂದಿಲ್ಲ. ಮೈಮೇಲೆ ಹಳೇ ಪೊರೆ ಒಣಗಿದ ಈರುಳ್ಳಿ ಸಿಪ್ಪೆ ಥರ ಅಲ್ಲಲ್ಲಿ ಅಂಟಿಕೊಂಡಿತ್ತು. ಕಿವಿ ಹತ್ರ ಇಟ್ಟು ಕೇಳಿದ್ರೆ ಉಸಿರಲ್ಲಿ ಚಿಟ್ ಚಿಟ್ ಅನ್ನೋ ಸದ್ದು. ಕುತ್ತಿಗೆ ಮೇಲಕ್ಕೆತ್ತಿ, ಬಾಯಿ ಸ್ವಲ್ಪ ಬಿಟ್ಕೊಂಡು, ಗಾಜಿಗೆ ಆನಿಸಿಕೊಂಡು ನಿಂತಿತ್ತು. "ನಿನ್ನೆಯಿಂದ ಹಿಂಗೇ ನಿಂತ್ಕೊಂಡು ನಮ್ಮನ್ನ ನೋಡ್ತೈತೆ, ಗುರುತು ಹಿಡಿಯೋಕೆ ಶುರು ಮಾಡೈತೆ" ಅಂದ್ರು ಅಣ್ಣ. ಅವರ ಅಮ್ಮ ಬಾಗಿಲ ಹತ್ರ ನಿಂತು, "ಉಪವಾಸ ಕಣಪ್ಪ ಅದು. ಒಂದು ಲೋಟ ಹಾಲಿಟ್ರೆ ಅದನ್ನೂ ಮುಟ್ಲಿಲ್ಲ" ಅಂದ್ರು.

ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಇಬ್ಬರ ಮಾತೂ ತಪ್ಪು. ಅದು ನೋಡ್ತಾ ಇರಲಿಲ್ಲ, ಉಸಿರಿಗೆ ಒದ್ದಾಡ್ತಾ ಇತ್ತು.

ಹಾವಿನ ಕಾಯಿಲೆ ಯಾಕೆ ಗೊತ್ತಾಗಲ್ಲ

ನಾಯಿ ಕುಂಟುತ್ತೆ, ಹಸು ಮೇವು ಬಿಟ್ಟು ಮೂಲೆ ಸೇರುತ್ತೆ, ಕುರಿ ಕೆಮ್ಮುತ್ತೆ. ಹಾವು ಇದ್ಯಾವುದನ್ನೂ ಮಾಡಲ್ಲ. ಅದಕ್ಕೆ ಕೂಗೋಕೆ ಧ್ವನಿ ಇಲ್ಲ, ಮುಖದಲ್ಲಿ ನೋವು ತೋರಿಸೋ ಸ್ನಾಯು ಇಲ್ಲ. ನಮಗಿರೋ ಹಾಗೆ ಎದೆ ಹೊಟ್ಟೆ ನಡುವಿನ ವಪೆ ಅದಕ್ಕಿಲ್ಲ. ಹಂಗಾಗಿ ಕೆಮ್ಮಿ ಕಫ ಹೊರಗೆ ಹಾಕೋಕೂ ಆಗಲ್ಲ. ಶ್ವಾಸಕೋಶದಲ್ಲಿ ಸಿಂಬಳ ಕಟ್ಟಿಕೊಂಡ್ರೆ ಅಲ್ಲೇ ನಿಲ್ಲುತ್ತೆ. ಆಗ ಹಾವು ಮಾಡೋದು ಒಂದೇ, ತಲೆ ಎತ್ತಿ ಗಾಳಿ ದಾರಿ ನೇರ ಮಾಡ್ಕೊಳ್ಳೋದು. ಮೂಗಲ್ಲಿ ಗುಳ್ಳೆ, ಬಾಯಲ್ಲಿ ಲೋಳೆ, ಉಸಿರಲ್ಲಿ ಶಿಳ್ಳೆ ಇಲ್ಲಾ ಚಿಟಿಚಿಟಿ. ಇಷ್ಟು ಕಂಡ ಮೇಲೆ ಕಾಯೋ ಹಾಗಿಲ್ಲ.

ಇದು ಬರೋದು ಎಲ್ಲಿಂದ? ಮುಕ್ಕಾಲು ಪಾಲು ಪೆಟ್ಟಿಗೆಯಿಂದಲೇ. ಹಾವಿಗೆ ತನ್ನದೇ ಮೈ ಬಿಸಿ ಇಲ್ಲ, ಸುತ್ತ ಎಷ್ಟಿದೆಯೋ ಅಷ್ಟೇ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು, ಬೇಕಾದ ಕಡೆ ಅದೇ ಹೋಗಿ ಕೂತ್ಕೊಳ್ಳುತ್ತೆ. ಜೊತೆಗೆ ಗಾಳಿಯಲ್ಲಿ ತೇವ 60 ಪರ್ಸೆಂಟ್ ಆಸುಪಾಸು. ತನ್ನೂರಲ್ಲಿ ಅದು ಹಗಲೆಲ್ಲ ಇಲಿ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ಮಲಗಿರುತ್ತೆ, ಬಿಲದೊಳಗೆ ಬಿಸಿಯೂ ಇರುತ್ತೆ, ತಂಪು ತೇವವೂ ಇರುತ್ತೆ. ನಮ್ಮ ಬಯಲುಸೀಮೇಲಿ ಜನವರಿ ರಾತ್ರಿ 15 ಡಿಗ್ರಿ ಹತ್ರಕ್ಕೆ ಇಳಿಯುತ್ತೆ. ಅದರ ಮೇಲೆ ಕರೆಂಟು. ನಡುರಾತ್ರಿ ಹೋದ್ರೆ ಬೆಳಿಗ್ಗೆ ಬರುತ್ತೆ. ಅಣ್ಣನ ಮನೇಲಿ ಬಲ್ಬು ಉರಿದಾಗ ಪೆಟ್ಟಿಗೆ ಒಲೆ, ಆರಿದಾಗ ಫ್ರಿಜ್ಜು. ತಣ್ಣಗಾದ ಹಾವಿಗೆ ರೋಗದ ಜೊತೆ ಹೊಡೆದಾಡೋ ಶಕ್ತಿ ಇಳಿದುಹೋಗುತ್ತೆ, ತಿಂದಿದ್ದೂ ಅರಗಲ್ಲ, ವಾಂತಿ ಮಾಡುತ್ತೆ. ಬಲ್ಬು ಪೆಟ್ಟಿಗೆ ಒಳಗಡೆಯೇ ಇದ್ರೆ ಇನ್ನೊಂದು ತೊಂದರೆ. ಸುಡ್ತಿರೋ ಜಾಗದಿಂದ ಬೇಗ ಸರಿದು ಹೋಗೋ ಬುದ್ಧಿ ಹಾವಿಗೆ ಕಮ್ಮಿ, ಹೊಟ್ಟೆ ಚರ್ಮ ಬೆಂದು ಹೋಗೋವರೆಗೂ ಅಲ್ಲೇ ಬಿದ್ದಿರುತ್ತೆ. ಬಿಸಿ ಹಿಡಿತದಲ್ಲಿಡೋ ಥರ್ಮೋಸ್ಟಾಟ್ ಒಂದು ಬೇಕೇ ಬೇಕು. ದಿನಕ್ಕೆ ಇಪ್ಪತ್ತು ಫೋನ್ ಬಿಚ್ಚಿ ಜೋಡಿಸೋ ಮನುಷ್ಯನಿಗೆ ಅದನ್ನ ಹಾಕೋದು ಹತ್ತು ನಿಮಿಷದ ಕೆಲಸ. ಹೇಳೋರು ಇರಲಿಲ್ಲ, ಅಷ್ಟೇ.

ಪೊರೆಯ ವಿಷಯವೂ ಇದೇ. ಪೊರೆ ಬಿಡೋ ಮುಂಚೆ ಹಾವಿನ ಕಣ್ಣು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ತಿರುಗುತ್ತೆ, ಮೈ ಮಂಕಾಗುತ್ತೆ, ಊಟ ಬಿಡುತ್ತೆ, ಮುಟ್ಟಿದ್ರೆ ಸಿಡುಕುತ್ತೆ. ಅದು ಕುರುಡೂ ಅಲ್ಲ, ಸಿಟ್ಟೂ ಅಲ್ಲ. ಕೆಲವು ದಿನ ಬಿಟ್ಟರೆ ತಲೆಯಿಂದ ಬಾಲದವರೆಗೆ ಕಾಲುಚೀಲ ಮಗುಚಿದ ಹಾಗೆ ಒಂದೇ ತುಂಡಾಗಿ ಬಿಡಬೇಕು. ಗಾಳಿ ಒಣಗಿದ್ರೆ ತುಂಡು ತುಂಡಾಗಿ ಬರುತ್ತೆ, ಬಾಲದ ತುದೀಲಿ ಬಿಗಿದು ರಕ್ತ ನಿಲ್ಲುತ್ತೆ. ಎಲ್ಲಕ್ಕಿಂತ ಅಪಾಯ ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳ ಉಳಿದುಬಿಡೋದು. ಅಣ್ಣ ಅದನ್ನ ಫೋನ್ ಬಿಚ್ಚೋ ಟ್ವೀಜರ್‌ನಲ್ಲಿ ಕೀಳೋಕೆ ಹೊರಟಿದ್ರು. ಅದನ್ನ ಕಿತ್ತರೆ ಕಣ್ಣೇ ಹೋಗಬಹುದು. ಒದ್ದೆ ಪಾಚಿ ಇಲ್ಲಾ ಒದ್ದೆ ಬಟ್ಟೆ ಹಾಕಿದ ಒಂದು ಡಬ್ಬಿ ಇಟ್ಟು ತೇವ ಹೆಚ್ಚು ಮಾಡಿದ್ರೆ ಎಷ್ಟೋ ಸಲ ಮುಂದಿನ ಪೊರೆ ಜೊತೆ ಅದೂ ಬರುತ್ತೆ. ಬರಲಿಲ್ಲ ಅಂದ್ರೆ ಡಾಕ್ಟ್ರೇ ತೆಗೀಬೇಕು.

ಇನ್ನು ಊಟ. ಬಾಲ್ ಪೈಥಾನ್ ಸಾಕೋರಿಗೆ ಪ್ರಪಂಚದ ಎಲ್ಲಾ ಕಡೆ ಇದೇ ಗೋಳು. ಚೆನ್ನಾಗಿರೋ ಹಾವೂ ಚಳಿಗಾಲದಲ್ಲಿ, ಬೆದೆ ಕಾಲದಲ್ಲಿ ತಿಂಗಳುಗಟ್ಟಲೆ ತಿನ್ನಲ್ಲ. ಹಾಗಾದ್ರೆ ಯಾವಾಗ ಹೆದರಬೇಕು? ದಿನ ಎಣಿಸಿ ಪ್ರಯೋಜನ ಇಲ್ಲ, ತೂಕ ನೋಡಬೇಕು. ಇದ್ದ ತೂಕದಲ್ಲಿ ನೂರಕ್ಕೆ ಹತ್ತು ಭಾಗ ಇಳಿದ್ರೆ ಏನೋ ಕೆಟ್ಟಿದೆ ಅಂತ ಲೆಕ್ಕ. ಮಾರಿದವನು ಕಳಿಸಿದ್ದ ಮೆಸೇಜಲ್ಲಿ 640 ಗ್ರಾಂ ಅಂತಿತ್ತು. ನಾವು ಒಂದು ದಿಂಬಿನ ಕವರ್‌ನಲ್ಲಿ ಹಾಕಿ ತೂಗಿದಾಗ ಹಾವು 548. ಅಂದ್ರೆ ನೂರಕ್ಕೆ ಹದಿನಾಲ್ಕು ಇಳಿದಿತ್ತು. ತಕ್ಕಡಿ ಪಕ್ಕದ ದಿನಸಿ ಅಂಗಡಿಯದು ಅಂತ ಊರಲ್ಲಿ ಮಾತಿದೆ, ಅದು ಸುಳ್ಳು. ಅಡುಗೆಮನೆ ತಕ್ಕಡಿ ಹೊಸದು ತಂದಿದ್ದು, ಅದನ್ನ ಇನ್ನು ಅಡುಗೆಗೆ ಬಳಸಲ್ಲ. ಹಾವು, ಆಮೆ, ಹಲ್ಲಿ ಇವುಗಳ ಹೊಟ್ಟೇಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರೋದು ಮಾಮೂಲು. ಅವುಗಳಿಗೆ ಏನೂ ಆಗಲ್ಲ, ನಮಗೆ ಭೇದಿ ಜ್ವರ ಬರುತ್ತೆ, ಸಣ್ಣ ಮಕ್ಕಳಿಗೆ ಜೋರಾಗೇ ಬರುತ್ತೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀಬೇಕು. ಅಡುಗೆಮನೇಲಿ ಇಡೋ ಹಾಗೇ ಇಲ್ಲ.

ಅಮ್ಮನ ಹಾಲಿನ ಲೋಟದ ಬಗ್ಗೆಯೂ ಹೇಳಿಬಿಡ್ತೀನಿ. ಹಾಲು ಅರಗಿಸೋ ಶಕ್ತಿ ಯಾವ ಹಾವಿಗೂ ಇಲ್ಲ. ನಾಗರ ಪಂಚಮೀಲಿ ಕುಡಿದಂತೆ ಕಾಣೋ ಹಾವುಗಳು ಬಾಯಾರಿಕೆಗೆ ಕುಡಿಯೋದು. ಅಮ್ಮ ಬೇಜಾರು ಮಾಡ್ಕೊಂಡ್ರು. ಈಗ ಅದೇ ಲೋಟದಲ್ಲಿ ನೀರಿಡ್ತಾರೆ.

ಗೋಡೌನ್ ಇಲಿ ಕೊಡಬೇಡಿ

ಇದು ಅಂಗಡಿಯವರಿಗೆ. ವಿಷಯ ಗೊತ್ತಾದ ಮೇಲೆ ಸಂತೆ ಬೀದಿಯ ಇಬ್ಬರು ಮೂವರು ಅಣ್ಣನಿಗೆ ಸಹಾಯ ಮಾಡೋಕೆ ಬಂದ್ರು, ಒಳ್ಳೇ ಮನಸ್ಸಿಂದಲೇ. "ನಮ್ ಗೋಡೌನಲ್ಲಿ ಇಲಿ ಬೇಕಾದಷ್ಟೈತೆ, ಬೋನಲ್ಲಿ ಹಿಡಿದು ಕೊಡ್ತೀವಿ, ನಮಗೂ ಕಾಟ ತಪ್ತದೆ." ಅಲ್ಲಿ ಒಂದು ಯಡವಟ್ಟಿದೆ. ಅದೇ ಗೋಡೌನ್‌ಗಳಲ್ಲಿ ನಾವೇ ಇಲಿ ಪಾಷಾಣ ಇಟ್ಟಿರ್ತೀವಿ. ಈಗ ಬರೋ ಇಲಿ ಔಷಧಗಳಲ್ಲಿ ತುಂಬ ಅಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋವು. ತಿಂದ ಇಲಿ ತಕ್ಷಣ ಸಾಯಲ್ಲ, ಮೂರು ನಾಲ್ಕು ದಿನ ಓಡಾಡಿಕೊಂಡೇ ಇರುತ್ತೆ. ಆ ಇಲಿ ತಿಂದ ಪ್ರಾಣಿಗೂ ವಿಷ ಹೋಗುತ್ತೆ. ಹಾವು ಒಂದೇ ಅಲ್ಲ, ನಿಮ್ಮಂಗಡಿ ಬೆಕ್ಕಿಗೂ, ರಾತ್ರಿ ಬರೋ ಗೂಬೆಗೂ ಇದೇ ಕಥೆ. ಪಾಷಾಣ ತಿನ್ನದ ಇಲಿ ಆದ್ರೂ ಊರ ಇಲೀಲಿ ಹುಳ, ಕಾಯಿಲೆ ಇದ್ದೇ ಇರುತ್ತೆ.

ಜೀವಂತ ಇಲಿ ಬಿಡೋದು ಇನ್ನೊಂದು ತಪ್ಪು. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯೆಲ್ಲ ಇಲಿ ಇದ್ರೆ ಇಲಿಯೇ ಹಾವನ್ನ ಕಡಿಯುತ್ತೆ. ಕೇಳೋಕೆ ತಮಾಷೆ ಅನ್ಸುತ್ತೆ, ಆದ್ರೆ ಅಣ್ಣನ ಹಾವಿನ ಬೆನ್ನ ಮೇಲೆ ಹುಣಸೆ ಬೀಜದಷ್ಟು ಗಾಯದ ಗುರುತಿದೆ. ತಿಳಿದೋರು ಕೊಡೋದು ಸತ್ತ, ಫ್ರೀಜ್ ಮಾಡಿ ಆಮೇಲೆ ಬೆಚ್ಚಗೆ ಮಾಡಿದ ಇಲಿ, ಅದೂ ಸಾಕಣೆ ಇಲಿ. ಹಾವಿನ ಮೈಯ ದಪ್ಪ ಭಾಗಕ್ಕಿಂತ ದೊಡ್ಡದು ಆಗಬಾರದು. ತಿಂದ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಬಾರದು. ಅಣ್ಣ ಮೊದಮೊದಲು ತಿಂದ ಅರ್ಧ ಗಂಟೆಗೇ ಕುತ್ತಿಗೆಗೆ ಹಾಕ್ಕೊಂಡು ರೀಲ್ಸ್ ಮಾಡಿದ್ರು, ಹಾವು ಕಕ್ಕಿತು. ಆ ರೀಲ್ಸೇ ಈಗಿನ ಆಡಿಯೋಗೆ ಮೂಲ ಅಂತ ನನ್ನ ಅನುಮಾನ.

ಹುಳದ ಮಾತು ಬಂತಲ್ಲ. ಹಾವಿನ ಚರ್ಮದ ಪದರದ ಸಂದೀಲಿ, ಕಣ್ಣಿನ ಸುತ್ತ ಕರೀ ಸಾಸಿವೆಗಿಂತ ಸಣ್ಣ ಚುಕ್ಕಿ ಓಡಾಡಿದ್ರೆ ಅದು ರಕ್ತ ಹೀರೋ ನುಸಿ. ಹಾವು ಯಾವಾಗಲೂ ನೀರಿನ ಬಟ್ಟಲಲ್ಲೇ ಬಿದ್ದಿರೋದು ಅದರ ಗುರುತು. ಇದಕ್ಕೆ ದನದ ಉಣ್ಣೆಗೆ ಹೊಡೆಯೋ ಔಷಧಾನೋ ನಾಯಿ ಪೌಡರೋ ಹಾಕಿದ್ರೆ ಹುಳದ ಜೊತೆ ಹಾವೂ ಹೋಗುತ್ತೆ. ಮೆಡಿಕಲ್ ಸ್ಟೋರ್‌ನೋರು ಯಾರಾದ್ರೂ ಬಂದು ಕೇಳಿದ್ರೆ ದಯವಿಟ್ಟು ಅಂದಾಜಲ್ಲಿ ಕೊಡಬೇಡಿ.

ಎಲ್ಲ ಕಾಯಿಲೆಯೂ ಪೆಟ್ಟಿಗೆ ಸರಿ ಮಾಡಿದ್ರೆ ಹೋಗೋದಲ್ಲ ಅನ್ನೋದನ್ನೂ ಹೇಳಬೇಕು. ಹಾವು ಮಗುಚಿ ಹಾಕಿದ್ರೆ ನೆಟ್ಟಗೆ ತಿರುಗೋಕೆ ಬರದೇ ಇದ್ರೆ, ತಲೆ ಹಿಂದಕ್ಕೆ ತಿರುಚಿ ಆಕಾಶ ನೋಡ್ತಾ ಇದ್ರೆ ಅದು ನರದ ತೊಂದರೆ. ಇದಕ್ಕೆ ಕಾರಣ ಆಗೋ ಒಂದು ವೈರಸ್ ಇದೆ, ಅದಕ್ಕೆ ಮದ್ದಿಲ್ಲ. ಉಸಿರಾಟಕ್ಕೆ ಬರೋ ಇನ್ನೊಂದು ವೈರಸ್ಸನ್ನ ಬಾಲ್ ಪೈಥಾನ್‌ಗಳಲ್ಲೇ 2014ರಲ್ಲಿ ವಿಜ್ಞಾನಿಗಳು ಗುರುತಿಸಿದ್ರು. ಇನ್ನು ‘ಸ್ಪೈಡರ್’ ಅನ್ನೋ ಬಣ್ಣದ ತಳಿಗೆ ಹುಟ್ಟಿನಿಂದಲೇ ತಲೆ ಅಲ್ಲಾಡೋ ದೋಷ ಇರುತ್ತೆ. ಬಣ್ಣಕ್ಕೋಸ್ಕರ ಅದನ್ನೇ ಮತ್ತೆ ಮತ್ತೆ ಮರಿ ಮಾಡಿಸಿ ಮಾರ್ತಾರೆ. ತಲೆ ಅಲ್ಲಾಡಿಸೋದನ್ನ "ಡ್ಯಾನ್ಸ್ ಮಾಡುತ್ತೆ" ಅಂತ ಹೇಳಿ ಮಾರೋರೂ ಇದ್ದಾರೆ.

ಕಾನೂನು ಏನು ಹೇಳುತ್ತೆ

ಮಾರಿದವನು ಹೇಳಿದ ಸುಳ್ಳಿಗೆ ಈಗ ಬರೋಣ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಮೊದಲು ಅದು ನೋಡ್ತಿದ್ದುದು ಹೆಚ್ಚುಕಮ್ಮಿ ನಮ್ಮ ದೇಶದ ಪ್ರಾಣಿಗಳನ್ನ ಮಾತ್ರ. 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಆಯ್ತು, 2023ರ ಏಪ್ರಿಲ್ 1ರಿಂದ ಜಾರಿ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರೋ ಹೊರದೇಶದ ಪ್ರಾಣಿಗಳನ್ನ ನಾಲ್ಕನೇ ಅನುಸೂಚಿ ಅಂತ ಸೇರಿಸಿದ್ರು, ಬಾಲ್ ಪೈಥಾನ್ ಅದರಲ್ಲಿದೆ. 2024ರ ಫೆಬ್ರವರಿ 28ಕ್ಕೆ ನಿಯಮ ಬಂತು. ಅಂಥ ಪ್ರಾಣಿ ಇಟ್ಕೊಂಡಿರೋರು ಆರು ತಿಂಗಳೊಳಗೆ, ಅಂದ್ರೆ ಆ ವರ್ಷದ ಆಗಸ್ಟ್ ಕೊನೆಯೊಳಗೆ, ಪರಿವೇಶ್ 2.0 ಪೋರ್ಟಲ್‌ನಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಿ ನೋಂದಾಯಿಸಬೇಕು. ಆಮೇಲೆ ತಂದೋರು ತಂದ 30 ದಿನದೊಳಗೆ. ಶುಲ್ಕ ಸಾವಿರ ರೂಪಾಯಿ. ಕೈ ಬದಲಾದ್ರೂ, ಮರಿ ಆದ್ರೂ, ಸತ್ತರೂ ತಿಳಿಸಬೇಕು. ತಪ್ಪಿದ್ರೆ ಮೂರು ವರ್ಷದವರೆಗೆ ಜೈಲು, ಇಲ್ಲಾ ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ನಮ್ಮ ಹೊಲ ತೋಟದಲ್ಲಿ ಕಾಣೋ ಹೆಬ್ಬಾವಿನ ವಿಷಯ ಬೇರೆ. ಅದು ಮೊದಲನೇ ಅನುಸೂಚಿ, ಹುಲಿ ಆನೆ ಇರೋ ಪಟ್ಟಿ. ಅದನ್ನ ಸಾಕೋಕೆ ನೋಂದಣಿಯೂ ಇಲ್ಲ, ಏನೂ ಇಲ್ಲ. ಹಿಡಿದು ಮನೇಲಿಟ್ರೆ ಕಮ್ಮಿ ಅಂದ್ರೆ ಮೂರು ವರ್ಷ, ಏಳು ವರ್ಷದವರೆಗೂ ಹೋಗಬಹುದು. ಕೆರೆ ಹತ್ರ ಸಿಕ್ಕ ಮರಿ ಅಂತ ಡ್ರಮ್ಮಿನಲ್ಲಿ ಹಾಕ್ಕೊಂಡಿರೋ ಹುಡುಗರು ಇದನ್ನ ಓದ್ತಾ ಇದ್ರೆ ಇವತ್ತೇ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಈ ಹಾವುಗಳು ಬರೋದು ಎಲ್ಲಿಂದ ಅಂತ ನೋಡಿದ್ರೆ ನಮ್ಮ ಹೆದ್ದಾರಿಯ ಆ ತುದಿಯಲ್ಲೇ ಇದೆ ಉತ್ತರ. 2023ರ ಜನವರಿಯಲ್ಲಿ ಬೆಂಗಳೂರು ಏರ್‌ಪೋರ್ಟಲ್ಲಿ ಡಿಆರ್‌ಐನೋರು 18 ಪ್ರಾಣಿ ಹಿಡಿದು, ಅದರ ಜಾಡು ಹಿಡಿದು ಹೋದ್ರೆ ಒಂದು ಫಾರ್ಮ್ ಹೌಸಲ್ಲಿ 139 ಸಿಕ್ಕವು. ಅದೇ ವರ್ಷ ಆಗಸ್ಟಲ್ಲಿ ಬ್ಯಾಂಕಾಕ್‌ನಿಂದ ಬಂದ ಒಬ್ಬನ ಟ್ರಾಲಿ ಬ್ಯಾಗಲ್ಲಿ ಹೆಬ್ಬಾವು, ಊಸರವಳ್ಳಿ, ಆಮೆ ಎಲ್ಲ ಸೇರಿ 234. ಅದರಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. ಸೆಪ್ಟೆಂಬರಲ್ಲಿ ಮತ್ತೆ ಬ್ಯಾಂಕಾಕ್ ವಿಮಾನದ ಬ್ಯಾಗಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಜೊತೆಗೆ ಸತ್ತ ಆರು ಕಪುಚಿನ್ ಕೋತಿ. 2024ರ ಏಪ್ರಿಲಲ್ಲಿ ಹತ್ತು ಹಳದಿ ಅನಕೊಂಡ. ಇವು ಸಿಕ್ಕಿಬಿದ್ದವು ಮಾತ್ರ. ಅಣ್ಣನ ಹಾವು ಹೀಗೇ ಬಂದಿದ್ದು ಅಂತ ನಾನು ಹೇಳಲ್ಲ, ಬೆಂಗಳೂರಲ್ಲೇ ಯಾರ ಮನೇಲೋ ಮೊಟ್ಟೆ ಒಡೆದು ಬಂದಿದ್ದೂ ಇರಬಹುದು. ಆದ್ರೆ ಬಟ್ಟೆ ಸುತ್ತಿ, ನೀರಿಲ್ಲದೆ, ಸೂಟ್‌ಕೇಸಲ್ಲಿ ಬಂದ ಹಾವಿಗೆ ಕಾಯಿಲೆ ಅಲ್ಲೇ ಶುರು ಆಗಿರುತ್ತೆ. ಕೊಳ್ಳೋನಿಗೆ ಅದು ಎರಡು ತಿಂಗಳ ಮೇಲೆ ಗೊತ್ತಾಗುತ್ತೆ. ಅಷ್ಟರಲ್ಲಿ ಮಾರಿದವನ ಅಕೌಂಟೇ ಇರಲ್ಲ. ಅಣ್ಣನ ವಿಷಯದಲ್ಲಿ ಆಗಿದ್ದೂ ಅದೇ.

ಸಮಸ್ಯೆ ಇರೋದು ಇಲ್ಲಿ. ಕಾನೂನು ಸರಿಯಾಗೇ ಇದೆ, ನಾನು ಅದರ ವಿರುದ್ಧ ಇಲ್ಲ. ಆದ್ರೆ ತಾಲ್ಲೂಕು ಮಟ್ಟದಲ್ಲಿ ಅದು ಇಳಿದಿರೋದು ಭಯದ ರೂಪದಲ್ಲಿ ಮಾತ್ರ. ಅಣ್ಣ ಹನ್ನೊಂದು ವಾರ ಸುಮ್ಮನಿದ್ದದ್ದು ಪ್ರೀತಿ ಇಲ್ಲದೆ ಅಲ್ಲ. ಡಾಕ್ಟ್ರ ಹತ್ರ ಹೋದ್ರೆ ಫಾರೆಸ್ಟ್‌ನೋರಿಗೆ ಗೊತ್ತಾಗುತ್ತೆ, ಅವರು ಬಂದ್ರೆ ಅಂಗಡಿ ಮುಂದೆ ಜೀಪು ನಿಲ್ಲುತ್ತೆ, ಮಾರನೇ ದಿನ ಗಿರಾಕಿ ಬರಲ್ಲ. ಅವರ ಲೆಕ್ಕ ಇಷ್ಟೇ. ಆ ಲೆಕ್ಕದಲ್ಲಿ 92 ಗ್ರಾಂ ಹಾವು ಕರಗಿಹೋಯ್ತು.

2020ರ ಜೂನಲ್ಲಿ ಕೇಂದ್ರ ಸರ್ಕಾರ ಆರು ತಿಂಗಳ ಅವಕಾಶ ಕೊಟ್ಟಿತ್ತು. ಇಂಥ ಪ್ರಾಣಿ ಇದ್ರೆ ತಾವಾಗೇ ಹೇಳಿಕೊಳ್ಳಿ, ದಾಖಲೆ ಕೇಳಲ್ಲ ಅಂತ. ಕಳ್ಳಸಾಗಣೆ ಮಾಲನ್ನ ಸಕ್ರಮ ಮಾಡೋಕೆ ದಾರಿ ಆಯ್ತು ಅಂತ ಅದಕ್ಕೆ ಟೀಕೆಯೂ ಬಂತು, ಟೀಕೆಯಲ್ಲಿ ನ್ಯಾಯವೂ ಇತ್ತು. ಹಂಗಾಗಿ ಮತ್ತೆ ಅಂಥದ್ದೇ ಮಾಫಿ ಕೊಡಿ ಅಂತ ನಾನು ಕೇಳ್ತಿಲ್ಲ. ಕೊಂಡವನಿಗೆ ದಂಡ ಹಾಕಲಿ. ಆದ್ರೆ ಕಾಯಿಲೆ ಹಾವನ್ನ ತಂದು ತೋರಿಸೋಕೆ ಒಂದು ಬಾಗಿಲು ಬೇಡ್ವಾ? ರೇಂಜ್ ಆಫೀಸಲ್ಲಿ ತಿಂಗಳಿಗೊಂದು ದಿನ ಪಶುವೈದ್ಯರನ್ನ ಕೂರಿಸಿ, ಅರ್ಜಿ ತುಂಬೋಕೆ ಒಬ್ಬ ಹುಡುಗನ್ನ ಇಟ್ಟು, ಬಂದೋರ ಪ್ರಾಣಿ ನೋಡಿ, ಆಮೇಲೆ ಕಾನೂನು ಪ್ರಕಾರ ಏನಾಗಬೇಕೋ ಆಗಲಿ. ಈಗಿರೋ ವ್ಯವಸ್ಥೇಲಿ ಪೋರ್ಟಲ್ ಇದೆ, ಜೈಲಿದೆ, ಎರಡರ ನಡುವೆ ಮನುಷ್ಯರು ಯಾರೂ ಇಲ್ಲ.

ಡಾಕ್ಟ್ರ ಕೊರತೆ ಬೇರೆ. ಹತ್ತಿರದ ಪಶು ಆಸ್ಪತ್ರೆಯ ಡಾಕ್ಟ್ರು ಒಬ್ಬರಿಗೆ ನಾನೇ ಫೋನ್ ಮಾಡಿದೆ. ಬೈಕೊಳ್ಳಲಿಲ್ಲ. "ಓದುವಾಗ ಓದಿದೀನಪ್ಪ, ಹಾವಿಗೆ ಸೂಜಿ ಹಾಕಿ ಅಭ್ಯಾಸ ಇಲ್ಲ, ಸುಳ್ಳು ಹೇಳಲ್ಲ" ಅಂದ್ರು. ದಿನಕ್ಕೆ ಎಷ್ಟು ಹಸು, ಎಷ್ಟು ಕುರಿ ನೋಡ್ತಾರೋ ಅವರು. ಆದ್ರೂ ತಮ್ಮ ಜೊತೆ ಓದಿದ ಒಬ್ಬರು ವೆಟರ್ನರಿ ಕಾಲೇಜಲ್ಲಿ ಇದಾರೆ ಅಂತ ಅಲ್ಲಿಗೆ ಮಾತಾಡಿಸಿದ್ರು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗ, ಅಥಣಿ ಇಷ್ಟೂ ಕಡೆ ಸರ್ಕಾರಿ ಪಶುವೈದ್ಯ ಕಾಲೇಜುಗಳಿವೆ, ದೊಡ್ಡಾಸ್ಪತ್ರೆ ಅಂತ ಹೋಗೋದಾದ್ರೆ ಮೊದಲು ಫೋನ್ ಮಾಡಿ ಹಾವು ನೋಡ್ತಾರಾ ಕೇಳಿಕೊಂಡು ಹೋಗಿ. ನಾವು ಹೋದ ಕಡೆ ಡಾಕ್ಟ್ರು ಕಾಗದ ಕೇಳಲಿಲ್ಲ, ಮೊದಲು ಬಾಯಿ ಬಿಡಿಸಿ ನೋಡಿದ್ರು. ಬಾಯಲ್ಲಿ ಹುಣ್ಣಿಲ್ಲ, ಅದು ಪುಣ್ಯ. ಹತ್ತಿ ಕಡ್ಡೀಲಿ ಲೋಳೆ ತೆಗೆದು ಟೆಸ್ಟಿಗೆ ಕಳಿಸಿದ್ರು, ತೂಕಕ್ಕೆ ತಕ್ಕಂತೆ ಇಂಜೆಕ್ಷನ್ ಬರೆದ್ರು. ಸೂಜಿ ಹಾವಿನ ಮುಂದಿನ ಅರ್ಧ ಭಾಗಕ್ಕೇ ಹಾಕಬೇಕಂತೆ. ಹಿಂದೆ ಹಾಕಿದ್ರೆ ಔಷಧ ಮೈಗೆಲ್ಲ ಹರಡೋ ಮುಂಚೆ ಮೂತ್ರಪಿಂಡದ ಕಡೆ ಹೋಗಬಹುದು ಅಂತ. ಡಿಗ್ರಿ ಅರ್ಧಕ್ಕೆ ಬಿಟ್ಟೋನು ನಾನು, ಜೀವಶಾಸ್ತ್ರ ಕ್ಲಾಸಲ್ಲಿ ಕಲೀದೇ ಇದ್ದದ್ದನ್ನ ಆ ದಿನ ಕಲಿತೆ.

ಕೊನೇಗೆ ಆಡಿಯೋ ವಿಷಯ. ಅದು ಬಂದ ರಾತ್ರಿ ಅಣ್ಣ ಹೆದರಿ, ಹಾವನ್ನ ಚೀಲದಲ್ಲಿ ಹಾಕ್ಕೊಂಡು ಕೆರೆ ಏರಿವರೆಗೂ ಹೋಗಿದ್ರು. ಬಿಟ್ಟುಬಿಡೋಣ, ಬದುಕಿದ್ರೆ ಬದುಕಲಿ ಅಂತ. ಅಲ್ಲಿಂದಲೇ ನನಗೆ ಫೋನ್ ಮಾಡಿದ್ರು, ವಾಪಸ್ ಬನ್ನಿ ಅಂದೆ. ಚಳೀಲಿ ಅದು ಬದುಕ್ತಾ ಇರಲಿಲ್ಲ ಅನ್ನೋದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿ ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಹೆಚ್ಚಾಗಿ ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಣ್ಣ ಪ್ರಾಣಿಗಳೇ ಕಾಣದ ಹಾಗಾಯ್ತು. ಆ ಹೆಬ್ಬಾವುಗಳ ಶ್ವಾಸಕೋಶದಲ್ಲಿದ್ದ ಒಂದು ಏಷ್ಯಾದ ಹುಳ ಅಲ್ಲಿನ ಸ್ಥಳೀಯ ಹಾವುಗಳಿಗೂ ಹತ್ತಿಕೊಂಡು ಅವು ಸಾಯ್ತಿವೆ. ಬಾಲ್ ಪೈಥಾನ್ ಅಷ್ಟು ದೊಡ್ಡದಾಗಲ್ಲ, ಸರಿ. ಆದ್ರೆ ಏನು ಕಾಯಿಲೆ ಅಂತ ರಿಪೋರ್ಟೇ ಬರದ ಹಾವನ್ನ ನಮ್ಮ ಕೆರೆಗೆ ಬಿಟ್ರೆ, ತೋಟದ ಇಲಿ ತಿಂದು ನಮ್ಮನ್ನ ಕಾಯೋ ಕೇರೆ ಹಾವಿಗೆ, ಹೆಬ್ಬಾವಿಗೆ ಅದು ಹತ್ತಲ್ಲ ಅಂತ ಯಾರು ಹೇಳ್ತಾರೆ?

ಆಡಿಯೋ ಕಳಿಸಿದೋರು ಆ ಹಾವನ್ನ ಊರೊಳಗಿಂದ ಓಡಿಸೋಕೆ ನೋಡಿದ್ರು. ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ ನಿಜವಾಗಲೂ ಕೆರೆಗೆ ಬಿಡಿಸ್ತಾ ಇದ್ರು.

ಇವತ್ತಿಗೆ ಇಂಜೆಕ್ಷನ್ ಶುರು ಆಗಿ ಒಂಬತ್ತು ದಿನ. ಸದ್ದು ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಪೆಟ್ಟಿಗೆಗೆ ಥರ್ಮೋಸ್ಟಾಟ್ ಬಂದಿದೆ, ಯುಪಿಎಸ್‌ಗೆ ಜೋಡಿಸಿದ್ದಾರೆ, ಬಲ್ಬು ಹೊರಗೆ ಹೋಗಿದೆ. ಊಟ ಇನ್ನೂ ಮಾಡಿಲ್ಲ. ನಿನ್ನೆ ತೂಕ 545. ಪರಿವೇಶ್ ಅರ್ಜಿಗೆ 30 ದಿನದ ಗಡುವು ಯಾವಾಗಲೋ ಮುಗಿದಿದೆ. ಅದು ಗೊತ್ತಿದ್ದೂ ಅಣ್ಣ ಮೊನ್ನೆ ಅಂಗಡಿ ಮುಚ್ಚಿದ ಮೇಲೆ ಕೂತು ತಮ್ಮ ಹೆಸರು, ವಿಳಾಸ, ಹಾವಿನ ಜಾತಿ ಎಲ್ಲ ಒಂದು ಚೀಟೀಲಿ ಬರೆದುಕೊಂಡ್ರು. "ಎಲ್ಲಿಂದ ಬಂತು ಅಂತ ಕೇಳಿದ್ರೆ ಏನ್ ಬರೀಲಿ ಗುರು?" ಅಂತ ಕೇಳಿದ್ರು. ಆಗಿದ್ದನ್ನೇ ಬರೀರಿ ಅಂದೆ. ಸೋಮವಾರ ರೇಂಜ್ ಆಫೀಸಿಗೆ ಇಬ್ಬರೂ ಹೋಗ್ತಾ ಇದ್ದೀವಿ.